ಹದಿನೆಂಟು ದಾಟಿದ ಬೌದ್ಧಿಕ ವಿಕಲಚೇತನರಿಗೆ ಸರ್ಕಾರದ ಹಣ, ಸೇವೆ ತರುವುದು ಹೇಗೆ: ಪಂಚಾಯಿತಿಯಿಂದ ವಿಧಾನಸೌಧದವರೆಗೆ

ವಿಶೇಷ ಶಾಲೆಗೆ ಹೋಗುತ್ತಿದ್ದ ಮಕ್ಕಳಿಗೆ ಹದಿನೆಂಟು ತುಂಬುತ್ತಿದ್ದಂತೆ ದಿನಚರಿಯೇ ಖಾಲಿಯಾಗುತ್ತದೆ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 31ನೇ ಕಲಂ ಉಚಿತ ಶಿಕ್ಷಣದ ಹಕ್ಕು ಕೊಟ್ಟಿರುವುದು 6ರಿಂದ 18 ವರ್ಷದವರಿಗೆ. ಶಾಲೆಗಳಿಗೆ ಬರುವ ಅನುದಾನದ ಲೆಕ್ಕವೂ ಬಹುಮಟ್ಟಿಗೆ ಮಕ್ಕಳ ತಲೆಯೆಣಿಕೆಯ ಮೇಲೆಯೇ ನಿಂತಿದೆ. ಆಮೇಲೆ ಉಳಿಯುವುದು ಮಾಸಾಶನ ಮತ್ತು ಮನೆಯ ನಾಲ್ಕು ಗೋಡೆ. ಹಗಲು ಹೋಗಿ ಕೂರಲು, ಕೆಲಸ ಕಲಿಯಲು ಒಂದು ಜಾಗ ಬೇಕು. ಅಪ್ಪ ಅಮ್ಮ ಆಸ್ಪತ್ರೆ ಸೇರಿದರೆ ನಾಲ್ಕು ದಿನ ನೋಡಿಕೊಳ್ಳುವವರು ಬೇಕು. ಹೆತ್ತವರು ಇಲ್ಲವಾದ ಮೇಲೆ ಬದುಕಲು ಒಂದು ಮನೆ ಬೇಕು. ಇವನ್ನೆಲ್ಲ ಕೊಡಲು ಕಾನೂನಿನಲ್ಲಿ ದಾರಿಯಿದೆ, ಒಂದಿಷ್ಟು ಹಣವೂ ಇದೆ. ಆದರೆ ಕೇಳದೆ ಅದು ಹರಿದು ಬರುವುದಿಲ್ಲ.

ಕೇಳುವ ರೀತಿಯ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಬೇಕು. ಕಷ್ಟವನ್ನು ವಿವರಿಸುವ ಮನವಿಗೆ ಅಧಿಕಾರಿ ಮರುಗುತ್ತಾರೆ, 'ಪರಿಶೀಲಿಸುತ್ತೇವೆ' ಎನ್ನುತ್ತಾರೆ, ಕಡತ ಅಲ್ಲಿಗೇ ಮುಗಿಯುತ್ತದೆ. ಎಷ್ಟು ಜನರಿಗೆ, ಯಾವ ಸೇವೆ, ವರ್ಷಕ್ಕೆ ಎಷ್ಟು ಹಣ, ಯಾವ ಕಲಂ ಅಡಿ, ಯಾವ ಲೆಕ್ಕ ಶೀರ್ಷಿಕೆಯಿಂದ (ಆಯವ್ಯಯದಲ್ಲಿ ಆ ಹಣ ಇಟ್ಟಿರುವ ಖಾತೆ) ಎಂದು ಬರೆದ ಮನವಿಗೆ ಮಾತ್ರ ಟಿಪ್ಪಣಿ ಹಾಕಲೇಬೇಕಾಗುತ್ತದೆ. ಅಂಥ ಮನವಿಯನ್ನು ಸಿದ್ಧಮಾಡಿ, ಸರಿಯಾದ ತಿಂಗಳಲ್ಲಿ ಸರಿಯಾದ ಮೇಜಿನ ಮೇಲಿಟ್ಟು, ಹಣ ಬರುವವರೆಗೆ ಬೆನ್ನು ಹತ್ತುವ ಕ್ರಮ ಇಲ್ಲಿದೆ. ಕರ್ನಾಟಕದ ಕಚೇರಿಗಳನ್ನೇ ಮುಂದಿಟ್ಟುಕೊಂಡು ಬರೆದಿದ್ದೇವೆ. ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವಿಕಲತೆ ಇರುವ ವಯಸ್ಕರ ಕುಟುಂಬಗಳಿಗೂ ಪೋಷಕರ ಸಂಘಗಳಿಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ಇದು ಉಪಯೋಗಕ್ಕೆ ಬಂದೀತು.

ಹಂತ 1: ಪ್ರತಿಯೊಬ್ಬರ ಕಾಗದ ಸರಿಯಿರಲಿ

ಇಪ್ಪತ್ತು ಜನರ ಪರವಾಗಿ ಕೇಳಲು ಹೋದಾಗ ಅವರಲ್ಲಿ ಎಂಟು ಮಂದಿಗೆ ಪ್ರಮಾಣಪತ್ರವೇ ಇಲ್ಲವೆಂದು ತಿಳಿದರೆ ಅಧಿಕಾರಿ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಆದ್ದರಿಂದ ಕೆಲಸ ಇಲ್ಲಿಂದಲೇ ಶುರು.

ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಗೆ, ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ತಪಾಸಣೆ ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಅಧಿಸೂಚಿತ ವೈದ್ಯಕೀಯ ಪ್ರಾಧಿಕಾರದಲ್ಲಿ ನಡೆಯುತ್ತದೆ. ಕೇಂದ್ರದ 2018ರ ಮಾರ್ಗಸೂಚಿಯಂತೆ (2024ರಲ್ಲಿ ಹೊಸದು ಬಂದಿದೆ, ಆಸ್ಪತ್ರೆಯಲ್ಲಿ ಒಮ್ಮೆ ಕೇಳಿಕೊಳ್ಳಿ) ಬೌದ್ಧಿಕ ವಿಕಲತೆಯ ಪ್ರಮಾಣಪತ್ರವನ್ನು 5, 10 ಮತ್ತು 18ನೇ ವಯಸ್ಸಿನಲ್ಲಿ ನವೀಕರಿಸಬೇಕು. 18ರಲ್ಲಿ ಕೊಟ್ಟದ್ದು ಜೀವನಪರ್ಯಂತ ನಡೆಯುತ್ತದೆ. ಹತ್ತನೇ ವಯಸ್ಸಿನ ಹಳೆಯ ಪ್ರಮಾಣಪತ್ರವನ್ನೇ ಇಟ್ಟುಕೊಂಡು ಇಪ್ಪತ್ತೈದು ವರ್ಷ ಕಳೆದವರು ಎಲ್ಲ ಊರಿನಲ್ಲೂ ಇದ್ದಾರೆ. ಮಾಸಾಶನ ನಿಂತಾಗಲೇ ಅವರಿಗೆ ಇದು ಗೊತ್ತಾಗುವುದು.

ಶೇಕಡಾವಾರು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಂಡು ಹೋಗಿ. ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢಿಮೆ ಮಾಪನದಲ್ಲಿ 55ರಿಂದ 69 ಅಂಕ ಬಂದರೆ ಶೇ 50, 36ರಿಂದ 54 ಬಂದರೆ ಶೇ 75, 21ರಿಂದ 35 ಬಂದರೆ ಶೇ 90, 20 ಮತ್ತು ಅದಕ್ಕಿಂತ ಕಡಿಮೆಯಾದರೆ ಶೇ 100. ಮಾಪನದ ಪ್ರಶ್ನೆಗಳಿಗೆ ಉತ್ತರಿಸುವವರು ಹೆಚ್ಚಾಗಿ ತಾಯಿ. 'ಸ್ನಾನ ಮಾಡುತ್ತಾಳಾ?' ಎಂದರೆ ಅಭಿಮಾನದಿಂದ 'ಮಾಡ್ತಾಳೆ' ಎಂದುಬಿಡುತ್ತಾರೆ. ನೀರು ಹದ ಮಾಡಿಕೊಟ್ಟು, ಸೋಪು ಕೈಗಿಟ್ಟು, ಪಕ್ಕದಲ್ಲೇ ನಿಂತು ಹೇಳುತ್ತ ಹೋದರೆ ಮಾತ್ರ ಮಾಡುತ್ತಾಳೆ ಎಂಬುದು ನಿಜವಾದ ಉತ್ತರ. ಯಾರ ನೆರವೂ ಇಲ್ಲದೆ ಏನು ಮಾಡಬಲ್ಲರು ಎಂಬುದನ್ನೇ ಅಲ್ಲಿ ಅಳೆಯುವುದು. ಒಂದು ವಾರ ದಿನವೂ ಯಾವ ಕೆಲಸಕ್ಕೆ ಎಷ್ಟು ನೆರವು ಬೇಕಾಯಿತೆಂದು ಬರೆದು ಆ ಹಾಳೆಯನ್ನು ಜೊತೆಗೆ ಒಯ್ಯಿರಿ. ಶೇ 40 ಮುಟ್ಟದಿದ್ದರೆ ಯಾವ ಸೌಲಭ್ಯವೂ ಸಿಗುವುದು ಕಷ್ಟ. ಮಾಸಾಶನದ ಮೊತ್ತ ಶೇ 75ರ ಗಡಿಯಲ್ಲಿ ಬದಲಾಗುತ್ತದೆ. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ವಿಕಲಚೇತನ ಪಿಂಚಣಿ ಶೇ 80ರ ಮೇಲಿರುವ ಬಡಕುಟುಂಬದವರಿಗೆ ಮಾತ್ರ, ಅದರ ಕೇಂದ್ರ ಪಾಲು ತಿಂಗಳಿಗೆ ಬರೀ 300 ರೂಪಾಯಿ. ಶೇಕಡಾವಾರು ತಪ್ಪಾಗಿದೆ ಎನಿಸಿದರೆ 2016ರ ಕಾಯ್ದೆಯ 59ನೇ ಕಲಂ ಅಡಿ ಮೇಲ್ಮನವಿ ಸಲ್ಲಿಸಬಹುದು.

ಆಧಾರ್, ಪಡಿತರ ಚೀಟಿ, ಯುಡಿಐಡಿ, ಬ್ಯಾಂಕ್ ಪಾಸ್‌ಬುಕ್ ನಾಲ್ಕರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. 'ಮಂಜ', 'ಮಂಜುನಾಥ', 'ಮಂಜುನಾಥ ಕೆ.' ಎಂದು ಬೇರೆಬೇರೆ ಇದ್ದರೆ ಹಣ ಖಾತೆಗೆ ಬೀಳುವ ಹಂತದಲ್ಲಿ ತಡೆಯಾಗುತ್ತದೆ.

ಪಾಲಕತ್ವದ ವಿಷಯದಲ್ಲಿ ಅವಸರ ಬೇಡ. 18 ತುಂಬಿದ ಮೇಲೆ ಅಪ್ಪ ಅಮ್ಮ ಕಾನೂನಿನ ಕಣ್ಣಿನಲ್ಲಿ ತಾನಾಗಿಯೇ ಪಾಲಕರಾಗಿ ಉಳಿಯುವುದಿಲ್ಲ, ನಿಜ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಪಾಲಕರನ್ನು ನೇಮಿಸುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ. ಅದು ಕೊಡುವ ಪ್ರಮಾಣಪತ್ರವನ್ನು ಬ್ಯಾಂಕುಗಳು ಒಪ್ಪಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಆದರೆ 2016ರ ಕಾಯ್ದೆಯ 14ನೇ ಕಲಂ ಒತ್ತುಕೊಡುವುದು ಸೀಮಿತ ಪಾಲಕತ್ವಕ್ಕೆ. ಅಂದರೆ ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಇಚ್ಛೆಯನ್ನು ಕೇಳಿಕೊಂಡು. ಸೇವೆ ಬೇಕೆಂದು ಕೇಳಲು ಪಾಲಕತ್ವದ ಪತ್ರ ಬೇಕಾಗಿಲ್ಲ.

ಹಂತ 2: ನಿಮ್ಮ ಲೆಕ್ಕ ನೀವೇ ತೆಗೆಯಿರಿ

2011ರ ಜನಗಣತಿ ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರನ್ನು ಎಣಿಸಿತು. ಆಗ ಇದ್ದದ್ದು ಎಂಟೇ ವಿಭಾಗ, ಆಟಿಸಂಗೆ ಪ್ರತ್ಯೇಕ ಕಾಲಂ ಇರಲಿಲ್ಲ. 2016ರ ಕಾಯ್ದೆ ಗುರುತಿಸಿರುವುದು 21 ವಿಧ. ಆ ಹಳೆಯ ಅಂಕಿಯನ್ನು ಹಿಡಿದು ನಿಮ್ಮ ತಾಲ್ಲೂಕಿನ ಲೆಕ್ಕ ಹೇಳಲು ಹೋದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಮನೆಮನೆಗೆ ಹೋಗಿ ಬರೆದ ಪಟ್ಟಿಯ ಮುಂದೆ ಅಂದಾಜಿನ ಅಂಕಿ ನಿಲ್ಲದು.

ಒಂದು ಗ್ರಾಮ ಪಂಚಾಯಿತಿಯಲ್ಲಿ ಇಂಥ ವಯಸ್ಕರು ಬೆರಳೆಣಿಕೆಯಷ್ಟೇ ಸಿಗಬಹುದು. ಒಂದು ಕೇಂದ್ರ ನಡೆಯಲು ಅಷ್ಟು ಸಾಲದು. ಹೋಬಳಿಯನ್ನು, ಅಂದರೆ ಅಕ್ಕಪಕ್ಕದ ಐದಾರು ಪಂಚಾಯಿತಿಗಳನ್ನು ಒಂದು ಘಟಕವಾಗಿ ಇಟ್ಟುಕೊಳ್ಳಿ. ಹೆಸರುಗಳು ಸಿಗುವ ಕಡೆಗಳು: ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ವಹಿ, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ವಿಶೇಷ ಶಾಲೆಯ ಹಳೆಯ ದಾಖಲಾತಿ ಪುಸ್ತಕ. ಕೊನೆಯದನ್ನು ಬಿಡಬೇಡಿ. ಹತ್ತು ವರ್ಷದ ಹಿಂದೆ ಶಾಲೆ ಬಿಟ್ಟವರು ಈಗ ಎಲ್ಲಿದ್ದಾರೆ ಎಂದು ಹುಡುಕುತ್ತ ಹೋದರೆ ಯಾವ ಪಟ್ಟಿಯಲ್ಲೂ ಇಲ್ಲದವರು ಸಿಗುತ್ತಾರೆ. ಹೆಣ್ಣುಮಕ್ಕಳ ಹೆಸರು ಹೆಚ್ಚಾಗಿ ಬಿಟ್ಟುಹೋಗಿರುತ್ತದೆ, ಮನೆಯವರು ಹೊರಗೆ ಹೇಳಿರುವುದಿಲ್ಲ. ಅಂಥ ಮನೆಗೆ ಮಹಿಳಾ ಕಾರ್ಯಕರ್ತೆಯೊಡನೆಯೇ ಹೋಗಿ.

ಪ್ರತಿಯೊಬ್ಬರ ಬಗ್ಗೆ ಇಷ್ಟು ಬರೆದುಕೊಳ್ಳಿ: ವಯಸ್ಸು, ವಿಕಲತೆಯ ವಿಧ ಮತ್ತು ಶೇಕಡಾವಾರು, ಯುಡಿಐಡಿ ಇದೆಯೇ, ಮಾಸಾಶನ ಬರುತ್ತಿದೆಯೇ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಏನು ಮಾಡುತ್ತಾರೆ, ಊಟ ಸ್ನಾನ ಶೌಚಕ್ಕೆ ನೆರವು ಬೇಕೇ, ಮೂರ್ಛೆ ಬರುತ್ತದೆಯೇ, ನೋಡಿಕೊಳ್ಳುವವರು ಯಾರು, ಅವರ ವಯಸ್ಸು ಎಷ್ಟು, ಅವರು ದುಡಿಮೆ ಬಿಟ್ಟಿದ್ದಾರೆಯೇ. ಇವೆಲ್ಲದರಲ್ಲಿ ನೋಡಿಕೊಳ್ಳುವವರ ವಯಸ್ಸೇ ಅತಿ ಬಲವಾದ ಅಂಕಿ. '22 ಮಂದಿಯಲ್ಲಿ 9 ಮಂದಿಯ ಆರೈಕೆ 60 ದಾಟಿದವರ ಕೈಯಲ್ಲಿದೆ' ಎಂಬ ಒಂದು ಸಾಲು, ಮುಂದಿನ ಹತ್ತು ವರ್ಷದಲ್ಲಿ ಒಂಬತ್ತು ಜನರಿಗೆ ಮನೆ ಹುಡುಕಬೇಕೆಂದು ಆಡಳಿತಕ್ಕೆ ಹೇಳಿಬಿಡುತ್ತದೆ. ಆ ವಯಸ್ಕರನ್ನೇ ಮಾತಾಡಿಸಿ 'ನಿಮಗೇನು ಇಷ್ಟ, ಎಲ್ಲಿಗೆ ಹೋಗಬೇಕು ಅನಿಸುತ್ತದೆ?' ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ಮಾತು ಬಾರದವರಿಗೆ ಚಿತ್ರ ತೋರಿಸಿ.

ಕಚೇರಿಗೆ ಕೊಡುವ ಪ್ರತಿಯಲ್ಲಿ ಹೆಸರಿನ ಬದಲು ಕ್ರಮಸಂಖ್ಯೆ ಇರಲಿ. ಹೆಸರಿರುವ ಮೂಲ ಪಟ್ಟಿ ಸಂಘದ ಬಳಿ ಉಳಿಯಲಿ. ಮನವಿಗಳು ಹತ್ತಾರು ಕೈ ದಾಟುತ್ತವೆ, ಯುವತಿಯರ ಹೆಸರು ವಿಳಾಸ ಹಾಗೆ ಓಡಾಡಬಾರದು.

ಹಂತ 3: ಒಂದೇ ಬೇಡಿಕೆ, ಪೂರ್ತಿ ಲೆಕ್ಕ

ಮನವಿಯಲ್ಲಿ ಹದಿನಾಲ್ಕು ಬೇಡಿಕೆ ಇದ್ದರೆ ಅಧಿಕಾರಿ ಅತಿ ಸುಲಭದ್ದನ್ನು ಆರಿಸಿಕೊಂಡು 'ಒಂದನ್ನು ಈಡೇರಿಸಿದ್ದೇವೆ' ಎಂದು ಕಡತ ಮುಗಿಸುತ್ತಾರೆ. ಲೆಕ್ಕದಲ್ಲಿ ಎದ್ದು ಕಂಡ ಒಂದನ್ನು ಹಿಡಿಯಿರಿ. ಹೆಚ್ಚಿನ ಕಡೆ ಅದು ಹಗಲು ಆರೈಕೆ ಮತ್ತು ಕೌಶಲ ಕೇಂದ್ರವೇ ಆಗಿರುತ್ತದೆ. ಅದು ಬಂದರೆ ತಾಯಂದಿರು ಮತ್ತೆ ದುಡಿಯಲು ಹೋಗಬಹುದು. ಮುಂದೆ ತಾತ್ಕಾಲಿಕ ಆರೈಕೆಗೂ ಗುಂಪುಮನೆಗೂ ಅದೇ ಬುನಾದಿ.

ಎಲ್ಲಕ್ಕಿಂತ ಹೆಚ್ಚು ಕೆಲಸ ಕೆಡುವುದು ಇಲ್ಲಿ: ಕಟ್ಟಡ ಕೇಳುತ್ತಾರೆ. ಕಟ್ಟಡಕ್ಕೆ ಹಣ ಸಿಗುವುದು ಸುಲಭ, ಉದ್ಘಾಟನೆಯೂ ಆಗುತ್ತದೆ. ನಡೆಸಲು ಸಿಬ್ಬಂದಿಯ ಸಂಬಳಕ್ಕೆ ಯಾರೂ ಹಣ ಇಟ್ಟಿರುವುದಿಲ್ಲ, ಬಾಗಿಲಿಗೆ ಬೀಗ ಬೀಳುತ್ತದೆ. ಹಾಗಾಗಿ ಕಟ್ಟಡಕ್ಕೆ ಬದಲು ಪಂಚಾಯಿತಿಯ ಅಥವಾ ಶಾಲೆಯ ಬಳಕೆಯಿಲ್ಲದ ಕೊಠಡಿ ಕೇಳಿ, ಹಣವನ್ನು ಆವರ್ತಕ ವೆಚ್ಚಕ್ಕೆ ಕೇಳಿ.

ವೆಚ್ಚದ ಪಟ್ಟಿಯನ್ನು ಎರಡು ಭಾಗ ಮಾಡಿ. ಒಂದೇ ಸಲದ್ದು: ಕೊಠಡಿ ದುರಸ್ತಿ, ಕೈಹಿಡಿ ಇರುವ ಶೌಚಾಲಯ, ಇಳಿಜಾರು, ಚಾಪೆ ಕುರ್ಚಿ, ತರಬೇತಿ ಸಾಮಗ್ರಿ. ಪ್ರತಿ ತಿಂಗಳದ್ದು: ಸಿಬ್ಬಂದಿ, ವಾಹನ, ಮಧ್ಯಾಹ್ನದ ಊಟ, ಕಚ್ಚಾ ಸಾಮಗ್ರಿ, ವಿದ್ಯುತ್, ಫಿಸಿಯೋಥೆರಪಿಸ್ಟ್ ಭೇಟಿ. 15 ಮಂದಿಯ ಕೇಂದ್ರಕ್ಕೆ ಒಬ್ಬ ವಿಶೇಷ ಶಿಕ್ಷಕ, ಇಬ್ಬರು ಸಹಾಯಕರು, ಅರೆಹೊತ್ತಿನ ಅಡುಗೆಯವರು ಎಂದು ಶುರು ಮಾಡಿ. ಊಟ, ಶೌಚಕ್ಕೆ ಕೈನೆರವು ಬೇಕಾದವರು ನಾಲ್ಕೈದು ಮಂದಿ ಇದ್ದರೆ ಇನ್ನೊಬ್ಬ ಸಹಾಯಕರನ್ನು ಸೇರಿಸಿ. ಹೆಣ್ಣುಮಕ್ಕಳಿದ್ದಲ್ಲಿ ಮಹಿಳಾ ಸಹಾಯಕಿ ಇರಲೇಬೇಕು. ಸಂಬಳ ಆ ಸಾಲಿನ ಕನಿಷ್ಠ ವೇತನ ಅಧಿಸೂಚನೆಗಿಂತ ಕೆಳಗಿಳಿಯಬಾರದು. ಕಡಿಮೆ ತೋರಿಸಿದರೆ ಮಂಜೂರಾದ ಮೇಲೆ ಜನ ನಿಲ್ಲುವುದಿಲ್ಲ. ವಾಹನದ ವೆಚ್ಚವನ್ನು ಮರೆಯುವವರೇ ಹೆಚ್ಚು. ಮನೆಯಿಂದ ಕರೆತರದ ಕೇಂದ್ರಕ್ಕೆ ಮೂರನೇ ತಿಂಗಳಿಗೆ ಅರ್ಧ ಜನ ಬರುವುದಿಲ್ಲ.

ಕೊನೆಗೆ ತಿಂಗಳ ಒಟ್ಟು ವೆಚ್ಚವನ್ನು ಜನರ ಸಂಖ್ಯೆಯಿಂದಲೂ ಕೆಲಸದ ದಿನಗಳಿಂದಲೂ ಭಾಗಿಸಿ, ಒಬ್ಬರಿಗೆ ದಿನಕ್ಕೆ ಎಷ್ಟು ಎಂದು ತೋರಿಸಿ. ಸಭೆಯಲ್ಲಿ ಜನಪ್ರತಿನಿಧಿಯ ನೆನಪಿನಲ್ಲಿ ಉಳಿಯುವುದು ಆ ಒಂದು ಅಂಕಿ.

ಹಂತ 4: ಹಣ ಯಾರ ಕೈಯಲ್ಲಿದೆ

ಅತಿ ಹತ್ತಿರದ್ದು ಗ್ರಾಮ ಪಂಚಾಯಿತಿಯ ಶೇ 5ರ ನಿಧಿ. ಪಂಚಾಯಿತಿಗಳೂ ನಗರ ಸ್ಥಳೀಯ ಸಂಸ್ಥೆಗಳೂ ತಮ್ಮ ಸ್ವಂತ ಸಂಪನ್ಮೂಲದ ಶೇ 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ಪಂಚಾಯಿತಿಯ ಸ್ವಂತ ಆದಾಯ 12 ಲಕ್ಷವಿದ್ದರೆ ಅದು 60,000 ರೂಪಾಯಿ. ಇಷ್ಟರಲ್ಲಿ ಕೇಂದ್ರ ನಡೆಯದು. ಐದು ಪಂಚಾಯಿತಿ ಸೇರಿದರೆ 3 ಲಕ್ಷವಾಗುತ್ತದೆ, ವಾಹನದ ವೆಚ್ಚದ ದೊಡ್ಡ ಪಾಲು ಅದರಿಂದ ತೀರಬಹುದು. ಈ ನಿಧಿ ಸಾಮಾನ್ಯವಾಗಿ ಮಾರ್ಚ್ ಕೊನೆಯಲ್ಲಿ ಅವಸರದ ಸಾಧನ ಸಲಕರಣೆ ವಿತರಣೆಗೆ ಹೋಗುತ್ತದೆ. ಗಾಲಿಕುರ್ಚಿ ಬೇಕಿಲ್ಲದ ಬೌದ್ಧಿಕ ವಿಕಲಚೇತನರಿಗೆ ಅದರಲ್ಲಿ ಏನೂ ಸಿಗುವುದಿಲ್ಲ. ಗಾಲಿಕುರ್ಚಿ ಬೇಕಾದವರ ಹಕ್ಕನ್ನು ಕಿತ್ತುಕೊಳ್ಳುವಂತೆ ಕೇಳಬೇಡಿ. ಪಂಚಾಯಿತಿಯ ಎಲ್ಲ ವಿಕಲಚೇತನರ ಸಂಘದೊಡನೆ ಕೂತು, ಒಪ್ಪಂದಕ್ಕೆ ಬಂದು, ಒಟ್ಟಾಗಿ ಕೇಳಿ.

2016ರ ಕಾಯ್ದೆಯ 37ನೇ ಕಲಂ ಬಡತನ ನಿರ್ಮೂಲನೆ ಮತ್ತು ಅಭಿವೃದ್ಧಿ ಯೋಜನೆಗಳಲ್ಲಿ ಶೇ 40ಕ್ಕಿಂತ ಕಡಿಮೆಯಿಲ್ಲದ ವಿಕಲತೆ ಇರುವವರಿಗೆ ಶೇ 5 ಮೀಸಲು ಕೊಟ್ಟಿದೆ, ಅದರಲ್ಲಿ ಮಹಿಳೆಯರಿಗೆ ಆದ್ಯತೆ. ಇದು ಪಂಚಾಯಿತಿಯ ಸ್ವಂತ ನಿಧಿಯ ಮೇಲೆ ಬೇರೆಯಾಗಿ ನಿಂತದ್ದು. ಎರಡನ್ನೂ ಒಂದೇ ಎಂದು ಹೇಳಿ ಕಳಿಸಿದರೆ ಒಪ್ಪಬೇಡಿ.

ರಾಜ್ಯದ ಹಣ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು. ಜಿಲ್ಲೆಯಲ್ಲಿ ಅದರ ಮುಖ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ. ಆಯವ್ಯಯ ಪುಸ್ತಕದಲ್ಲಿ 2235-02-101 ಎಂಬ ಶೀರ್ಷಿಕೆ ಹುಡುಕಿ. 2235 ಎಂದರೆ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ, 101 ವಿಕಲಚೇತನರ ಕಲ್ಯಾಣದ್ದು. ಪ್ರತಿ ಯೋಜನೆಯ ಎದುರು ಹಿಂದಿನ ವರ್ಷದ ಲೆಕ್ಕ, ಚಾಲ್ತಿ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಇರುತ್ತವೆ. ಘೋಷಣೆಯಾದದ್ದು ಅಂದಾಜಿನ ಕಾಲಂನಲ್ಲಿ ಸಿಗುತ್ತದೆ, ನಿಜಕ್ಕೂ ಖರ್ಚಾದದ್ದು ಲೆಕ್ಕದ ಕಾಲಂನಲ್ಲಿ. ಇವೆರಡರ ಅಂತರವೇ ನಿಮ್ಮ ವಾದ. ಹೊಸ ಹಣ ಕೇಳುವ ಮೊದಲು ಇಟ್ಟ ಹಣ ಏಕೆ ಉಳಿಯಿತೆಂದು ಕೇಳಬಹುದು. ಮಾಸಾಶನ ಮಾತ್ರ ಕಂದಾಯ ಇಲಾಖೆಯ ಮೂಲಕ ನಾಡಕಚೇರಿಯಿಂದ ನಡೆಯುತ್ತದೆ, ಅದರ ದೂರನ್ನು ಕಲ್ಯಾಣಾಧಿಕಾರಿಗೆ ಒಯ್ದು ದಿನ ಕಳೆಯಬೇಡಿ.

ಕೇಂದ್ರದಿಂದ ಎರಡು ದಾರಿ. ರಾಷ್ಟ್ರೀಯ ನ್ಯಾಸದ ದಿಶಾ-ವಿಕಾಸ ಹಗಲು ಆರೈಕೆಗೆ, ಸಮರ್ಥ-ಘರೌಂದಾ ವಸತಿಗೆ. ನಿರಾಮಯ ಎಂಬ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಕೊಡುತ್ತದೆ. ಸೇವಾ ಯೋಜನೆಗಳಿಗೆ ನ್ಯಾಸದಲ್ಲಿ ನೋಂದಾಯಿತ ಸಂಸ್ಥೆಯೇ ಅರ್ಜಿ ಹಾಕಬೇಕು. ಇನ್ನೊಂದು ದೀನದಯಾಳ್ ವಿಕಲಚೇತನರ ಪುನರ್ವಸತಿ ಯೋಜನೆ, ಇದೂ ಸಂಸ್ಥೆಗಳಿಗೆ ಅನುದಾನ. ಪೋಷಕರೇ ಸೇರಿ ಸಂಸ್ಥೆ ಕಟ್ಟುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಬೇಕು. ಅದರ ಮೇಲೆ 2016ರ ಕಾಯ್ದೆಯ 50ನೇ ಕಲಂ ಅಡಿ ರಾಜ್ಯದ ನೋಂದಣಿಯೂ ಇರಬೇಕು. ಅದಿಲ್ಲದೆ ಅನುದಾನದ ಅರ್ಜಿ ಮುಂದೆ ಹೋಗುವುದಿಲ್ಲ.

ಹಂತ 5: ಮಾಹಿತಿ ಹಕ್ಕಿನಲ್ಲಿ ಅಂಕಿ ತೆಗೆಸಿ

ಮನವಿ ಕೊಡುವ ಎರಡು ತಿಂಗಳ ಮೊದಲೇ 2005ರ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಮೇಲಿರಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಇಲ್ಲ. ಪಂಚಾಯಿತಿಗೆ ಹೀಗೆ ಬರೆಯಬಹುದು:

'ಕಳೆದ ಮೂರು ಆರ್ಥಿಕ ವರ್ಷಗಳಿಗೆ ಸಂಬಂಧಿಸಿ ವರ್ಷವಾರು ಮಾಹಿತಿ ನೀಡಿ. 1. ಪಂಚಾಯಿತಿಯ ಸ್ವಂತ ಸಂಪನ್ಮೂಲದ ಒಟ್ಟು ವಸೂಲಿ. 2. ವಿಕಲಚೇತನರಿಗಾಗಿ ಮೀಸಲಿಟ್ಟ ಶೇ 5ರ ಮೊತ್ತ. 3. ಅದರಲ್ಲಿ ಖರ್ಚಾದ ಮೊತ್ತ, ಉದ್ದೇಶ ಮತ್ತು ದಿನಾಂಕ. 4. ಫಲಾನುಭವಿಗಳಲ್ಲಿ ಬೌದ್ಧಿಕ ವಿಕಲಚೇತನರ ಅಥವಾ ಬುದ್ಧಿಮಾಂದ್ಯರ ಸಂಖ್ಯೆ. 5. ಈ ಖರ್ಚಿಗೆ ಅನುಮೋದನೆ ನೀಡಿದ ಸಭೆಯ ನಡವಳಿಯ ದೃಢೀಕೃತ ಪ್ರತಿ.'

'ಏಕೆ ಕೊಟ್ಟಿಲ್ಲ?' ಎಂದು ಕೇಳಬೇಡಿ. ಕಾರಣ ಕೇಳುವ ಪ್ರಶ್ನೆಗೆ 'ದಾಖಲೆಯಲ್ಲಿಲ್ಲ' ಎಂಬ ಉತ್ತರ ಬರುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಹಳೆಯ ಕಡತಗಳಲ್ಲಿ ಬುದ್ಧಿಮಾಂದ್ಯ ಎಂದೇ ಬರೆದಿರುವುದರಿಂದ ಎರಡೂ ಹೆಸರು ಹಾಕಿ.

ಹಂತ 6: ತಿಂಗಳು ತಪ್ಪಿಸಬೇಡಿ

ಒಳ್ಳೆಯ ಮನವಿ ಏಪ್ರಿಲ್‌ನಲ್ಲಿ ಕೊಟ್ಟರೆ 'ಈ ಸಾಲಿನಲ್ಲಿ ಅವಕಾಶವಿಲ್ಲ' ಎಂಬ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬರುತ್ತದೆ, ಮಾರ್ಚ್ ಹತ್ತಿರ ಕೊಟ್ಟರೆ ಓದಲು ಯಾರಿಗೂ ಪುರಸೊತ್ತಿಲ್ಲ. ಏಪ್ರಿಲ್, ಮೇ ತಿಂಗಳು ಆಯವ್ಯಯ ಓದಲು, ಮನೆ ಎಣಿಕೆ ಮುಗಿಸಲು ಇರಲಿ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಪಂಚಾಯಿತಿ ಜಮಾಬಂದಿ, ಅಂದರೆ ಹಿಂದಿನ ವರ್ಷದ ಲೆಕ್ಕದ ಬಹಿರಂಗ ತಪಾಸಣೆ, ನಡೆಯುತ್ತದೆ. ಹಿಂದಿನ ವರ್ಷದ ಶೇ 5 ಎಲ್ಲಿ ಹೋಯಿತೆಂದು ವೋಚರ್ ಸಮೇತ ಕೇಳಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಕ್ಟೋಬರ್ 2ರಿಂದ ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಯೋಜನೆಗೆ ವಾರ್ಡ್ ಸಭೆ, ಗ್ರಾಮ ಸಭೆಗಳು ಶುರು. ನಿಮ್ಮ ಬೇಡಿಕೆ ಮೊದಲು ವಾರ್ಡ್ ಸಭೆಯ ನಡವಳಿಗೆ ಸೇರಬೇಕು. ಗ್ರಾಮ ಸಭೆಯಲ್ಲಿ ನೇರವಾಗಿ ಎದ್ದು ಹೇಳಿದರೆ ಗದ್ದಲದಲ್ಲಿ ಬಿಟ್ಟುಹೋಗುತ್ತದೆ. ವಿಕಲಚೇತನರ ಸಮನ್ವಯ ಗ್ರಾಮ ಸಭೆ ಪ್ರತ್ಯೇಕವಾಗಿ ನಡೆಯುತ್ತದೆ, ದಿನಾಂಕವನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಳಿ ಮೊದಲೇ ಕೇಳಿಟ್ಟುಕೊಳ್ಳಿ. ಸಭೆ ಮುಗಿದ ಮೇಲೆ ನಡವಳಿ ಪುಸ್ತಕದಲ್ಲಿ ನಿಮ್ಮ ಮಾತು ಬರೆದಿದ್ದಾರೆಯೇ ಎಂದು ಓದಿಯೇ ಸಹಿ ಹಾಕಿ. ಸಹಿ ಹಾಕಿದ ಮೇಲೆ ಖಾಲಿ ಜಾಗದಲ್ಲಿ ನಿರ್ಣಯ ತುಂಬುವ ರೂಢಿ ಇನ್ನೂ ಹೋಗಿಲ್ಲ.

ನವೆಂಬರ್, ಡಿಸೆಂಬರ್‌ನಲ್ಲಿ ಇಲಾಖೆಗಳು ಮುಂದಿನ ಆಯವ್ಯಯಕ್ಕೆ ಪ್ರಸ್ತಾವ ಸಿದ್ಧಪಡಿಸುತ್ತವೆ. ಜಿಲ್ಲಾ ಕಲ್ಯಾಣಾಧಿಕಾರಿಯ ಶಿಫಾರಸು ಸಮೇತ ನಿಮ್ಮ ವೆಚ್ಚದ ಪಟ್ಟಿ ಆ ಹೊತ್ತಿಗೆ ಇಲಾಖೆಯ ನಿರ್ದೇಶಕರ ಕಚೇರಿ ತಲುಪಿರಬೇಕು. ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಮೂರು ವಾರ ಮೊದಲೇ ಶಾಸಕರಿಗೆ ಪ್ರಶ್ನೆ ಬರೆದುಕೊಡಿ. ಆಯವ್ಯಯದ ದಿನ ಟಿವಿ ಮುಂದೆ ಕೂತು ಕಾಯುವಷ್ಟರಲ್ಲಿ ನಿರ್ಧಾರ ಆಗಿ ಎರಡು ತಿಂಗಳಾಗಿರುತ್ತದೆ.

ಹಂತ 7: ಮನವಿ ಮತ್ತು ಭೇಟಿ

ಮನವಿ ಎರಡು ಪುಟ ಮೀರದಿರಲಿ, ಮನೆ ಎಣಿಕೆ ಮತ್ತು ವೆಚ್ಚದ ಪಟ್ಟಿ ಅನುಬಂಧವಾಗಲಿ. ವಿಷಯದ ಸಾಲಿನಲ್ಲೇ ಬೇಡಿಕೆ ಇರಲಿ: 'ಹೋಬಳಿಯ 22 ಬೌದ್ಧಿಕ ವಿಕಲಚೇತನ ವಯಸ್ಕರಿಗೆ ಹಗಲು ಆರೈಕೆ ಕೇಂದ್ರ ಮಂಜೂರು ಮಾಡುವ ಬಗ್ಗೆ.' ಆಮೇಲೆ ಒಂದು ಪ್ಯಾರಾ ಸ್ಥಿತಿ, ಒಂದು ಪ್ಯಾರಾ ಕಾನೂನು, ಒಂದು ಪ್ಯಾರಾ ಹಣ, ಕೊನೆಗೆ 'ಈ ಬಗ್ಗೆ ಕೈಗೊಂಡ ಕ್ರಮವನ್ನು 30 ದಿನದೊಳಗೆ ಲಿಖಿತವಾಗಿ ತಿಳಿಸಬೇಕು.'

ಕಾನೂನಿನ ಪ್ಯಾರಾಕ್ಕೆ ಬೇಕಾದ 2016ರ ಕಾಯ್ದೆಯ ಕಲಂಗಳು ಹೆಚ್ಚಿಲ್ಲ. 5ನೆಯದು ಸಮುದಾಯದಲ್ಲೇ ಬದುಕುವ ಹಕ್ಕು, 19 ವೃತ್ತಿ ತರಬೇತಿ, 27 ಪುನರ್ವಸತಿ, 38 ಹೆಚ್ಚಿನ ಆಸರೆ ಬೇಕಾದವರ ಅರ್ಜಿ ಮತ್ತು ಮೌಲ್ಯಮಾಪನ. 24ನೇ ಕಲಂ ಸಾಮಾಜಿಕ ಭದ್ರತೆಯದು, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಅದು ಹೆಸರಿಸಿದೆ. ಬೇರೆಯವರಿಗಿರುವ ಅಂಥದೇ ಯೋಜನೆಗಿಂತ ವಿಕಲಚೇತನರಿಗೆ ಕೊಡುವ ನೆರವು ಕನಿಷ್ಠ ಶೇ 25 ಹೆಚ್ಚಿರಬೇಕು ಎಂದೂ ಅದೇ ಕಲಂ ಹೇಳುತ್ತದೆ. ವೃದ್ಧರಿಗೆ ಕೊಡುವ ಸಂಧ್ಯಾ ಸುರಕ್ಷಾ ಮಾಸಾಶನದ ಈಗಿನ ಮೊತ್ತವನ್ನೂ ನಿಮ್ಮವರ ಮಾಸಾಶನವನ್ನೂ ಪಕ್ಕಪಕ್ಕ ಬರೆದು ತೋರಿಸಿ. 'ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ' ಎಂಬ ಮಾತೂ ಅಲ್ಲಿದೆ ಎಂದು ಅಧಿಕಾರಿ ತೋರಿಸಬಹುದು. ಖರ್ಚಾಗದೆ ಉಳಿದ ಹಣದ ಅಂಕಿ ನಿಮ್ಮ ಕೈಯಲ್ಲಿದ್ದರೆ ಅದಕ್ಕೆ ಉತ್ತರವೂ ಇದ್ದಂತೆ.

ಟಪಾಲು ವಿಭಾಗದಲ್ಲಿ ಕೊಟ್ಟು ಎರಡನೇ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿ, ದಿನಾಂಕ ಇದೆಯೇ ನೋಡಿ. ಸಾಹೇಬರ ಕೈಗೇ ಕೊಟ್ಟ ಮನವಿಗೆ ಫೋಟೊ ಉಳಿಯುತ್ತದೆ, ಕಡತ ಸಂಖ್ಯೆ ಉಳಿಯುವುದಿಲ್ಲ. ವಾರದ ನಂತರ ಹೋಗಿ ಕಡತ ಸಂಖ್ಯೆಯನ್ನೂ ಯಾವ ವಿಷಯ ನಿರ್ವಾಹಕರ ಬಳಿ ಇದೆ ಎಂಬುದನ್ನೂ ಬರೆದುಕೊಳ್ಳಿ. ಮುಂದಿನ ಮಾತೆಲ್ಲ ಆ ಸಂಖ್ಯೆಯ ಮೇಲೆ.

ಭೇಟಿಗೆ ನಾಲ್ಕು ಜನ ಸಾಕು, ಅವರಲ್ಲಿ ಒಬ್ಬರಾದರೂ ಬೌದ್ಧಿಕ ವಿಕಲಚೇತನ ವಯಸ್ಕರಾಗಿರಲಿ. ಅವರನ್ನು ಕರುಣೆಗಾಗಿ ಮುಂದೆ ನಿಲ್ಲಿಸುವುದು ಬೇಡ. ಅವರ ಬದುಕಿನ ಬಗ್ಗೆ ನಡೆಯುವ ಮಾತು ಅದು, ಅವರು ಅಲ್ಲಿರಬೇಕು. ತಯಾರಿಗೆ ಒಂದು ವಾರ ಬೇಕು. ಕಚೇರಿಯನ್ನು ಮೊದಲೇ ಒಮ್ಮೆ ತೋರಿಸಿ ಬನ್ನಿ. ಹೇಳಬೇಕಾದ ಎರಡು ಮಾತನ್ನು ಅವರೇ ಆರಿಸಲಿ, ಚಿತ್ರದ ಚೀಟಿಯಲ್ಲಿ ಬರೆದುಕೊಳ್ಳಲಿ. ಆಟಿಸಂ ಇದ್ದವರಿಗೆ ಬಾಗಿಲ ಹತ್ತಿರದ ಕುರ್ಚಿ, ಬೇಕೆಂದಾಗ ಎದ್ದು ಹೋಗುವ ಅವಕಾಶ ಇರಲಿ. ಕಾಯಿಸುವ ಕಚೇರಿಯಾದರೆ ಒಬ್ಬರು ಮುಂದೆ ಹೋಗಿ ಸರದಿ ಬಂದಾಗ ಕರೆಯಲಿ. ಅಧಿಕಾರಿ ತಾಯಿಯನ್ನು ನೋಡಿ 'ಇವನಿಗೇನು ಬೇಕು?' ಎಂದರೆ ತಾಯಿ ಸುಮ್ಮನಿದ್ದು ಮಗನ ಕಡೆ ತಿರುಗಲಿ. ಉತ್ತರ ಬರಲು ಅರ್ಧ ನಿಮಿಷ ಹಿಡಿದರೂ ಯಾರೂ ಬಾಯಿ ಹಾಕಬಾರದು.

'ಇವರನ್ನು ಮಾನಸಿಕ ಆಸ್ಪತ್ರೆಗೆ ತೋರಿಸಿ, ನಮ್ಮ ವಿಷಯವಲ್ಲ' ಎಂಬ ಮಾತು ಇಂದಿಗೂ ಕೇಳಿಬರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತನ್ನ ವ್ಯಾಖ್ಯೆಯಿಂದಲೇ ಬೌದ್ಧಿಕ ವಿಕಲತೆಯನ್ನು ಹೊರಗಿಟ್ಟಿದೆ ಎಂದು ಶಾಂತವಾಗಿ ಹೇಳಿ, ಅದನ್ನೇ ಬರವಣಿಗೆಯಲ್ಲೂ ಕೊಡಿ.

ಶಾಸಕರ ಬಳಿ ಬೇರೆ ಭಾಷೆ ಬೇಕು. ಅವರಿಗೆ ಅರ್ಧ ಪುಟ ಸಾಕು: ಕ್ಷೇತ್ರದ ಸಂಖ್ಯೆ, ಒಂದು ಬೇಡಿಕೆ, ಕೇಳಬಹುದಾದ ಒಂದು ಪ್ರಶ್ನೆ. 'ಕಳೆದ ಮೂರು ವರ್ಷಗಳಲ್ಲಿ 18 ವರ್ಷ ಮೀರಿದ ಬೌದ್ಧಿಕ ವಿಕಲಚೇತನರ ಹಗಲು ಆರೈಕೆಗೆ ಜಿಲ್ಲಾವಾರು ಬಿಡುಗಡೆಯಾದ ಅನುದಾನವೆಷ್ಟು, ಖರ್ಚಾದದ್ದೆಷ್ಟು?' ಚುಕ್ಕೆ ರಹಿತ ಪ್ರಶ್ನೆಯಾದರೂ ಸಾಕು, ಲಿಖಿತ ಉತ್ತರ ಬರುತ್ತದೆ, ಅದು ಸದನದ ದಾಖಲೆ. ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ವಿಷಯ ಎತ್ತುವಂತೆಯೂ ಕೇಳಿ. ಅಲ್ಲಿ ಎತ್ತಿದ ವಿಷಯಕ್ಕೆ ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಕೊಡಬೇಕಾಗುತ್ತದೆ.

ಹಂತ 8: ಇಲ್ಲ ಎಂದಾಗ

ಬಾಯಿಮಾತಿನ 'ಇಲ್ಲ'ಕ್ಕೆ ಬೆಲೆಯಿಲ್ಲ, ಹಿಂಬರಹ ಕೇಳಿ. ಮಾಸಾಶನದಂಥ ಸಕಾಲ ಸೇವೆಯಾದರೆ (ಗಡುವಿನೊಳಗೆ ಕೊಡಲೇಬೇಕಾದ ಸೇವೆ) ಅರ್ಜಿ ಹಾಕಿದಾಗಲೇ ಸಕಾಲ ಸಂಖ್ಯೆ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಹೋಗಬಹುದು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಉಂಟು. ಮೊತ್ತ ಸಣ್ಣದು, ಆದರೆ ಅದು ಅಧಿಕಾರಿಯ ಸಂಬಳದಿಂದ ಹೋಗುವುದರಿಂದ ಕಡತ ಚಲಿಸುತ್ತದೆ.

ಸೇವೆ ಅಥವಾ ಹಕ್ಕಿನ ನಿರಾಕರಣೆಯಾದರೆ ಮೊದಲು 2016ರ ಕಾಯ್ದೆಯ 72ನೇ ಕಲಂನ ಜಿಲ್ಲಾ ಸಮಿತಿ, ಆಮೇಲೆ ಬೆಂಗಳೂರಿನ ರಾಜ್ಯ ಆಯುಕ್ತರು. 80ನೇ ಕಲಂ ಅಡಿ ಆಯುಕ್ತರು ದೂರು ವಿಚಾರಿಸಬಹುದು, ಸಾಕ್ಷಿ ಕರೆಸಲು ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸಿನ ಮೇಲೆ ಕೈಗೊಂಡ ಕ್ರಮವನ್ನು ಇಲಾಖೆ ಮೂರು ತಿಂಗಳೊಳಗೆ ತಿಳಿಸಬೇಕು. ದೂರಿನ ಜೊತೆ ಮನವಿಯ ಮುದ್ರೆಯಿರುವ ಪ್ರತಿ, ಹಿಂಬರಹ, ಮಾಹಿತಿ ಹಕ್ಕಿನ ಉತ್ತರ ಮೂರೂ ಇರಬೇಕು. ಇವಿಲ್ಲದ ದೂರು ಮೊದಲ ವಿಚಾರಣೆಯಲ್ಲೇ 'ಇಲಾಖೆಗೆ ಮನವಿ ಸಲ್ಲಿಸಿ' ಎಂದು ಹಿಂತಿರುಗುತ್ತದೆ. ಅದೂ ಆಗದಿದ್ದರೆ ಹೈಕೋರ್ಟ್, ಬೆಂಗಳೂರು, ಧಾರವಾಡ, ಕಲಬುರಗಿ ಯಾವುದು ನಿಮ್ಮ ಜಿಲ್ಲೆಯ ಪೀಠವೋ ಅಲ್ಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ವಿಕಲಚೇತನರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ.

ಹಂತ 9: ಹಣ ಬಂದ ಮೇಲೆ

ಮೊದಲ ಕಂತು ಬಂದ ದಿನವೇ ಎರಡನೇ ಕಂತಿನ ಕೆಲಸ ಶುರು. ಹಣ ಬಳಕೆ ಪ್ರಮಾಣಪತ್ರ ಮತ್ತು ಲೆಕ್ಕ ಪರಿಶೋಧನಾ ವರದಿ ಹೋಗದಿದ್ದರೆ ಮುಂದಿನದು ಬಿಡುಗಡೆಯಾಗುವುದಿಲ್ಲ. ಹಾಜರಿ ಪುಸ್ತಕ, ಸಂಬಳದ ಬ್ಯಾಂಕ್ ವರ್ಗಾವಣೆ, ವಾಹನದ ಲಾಗ್ ಪುಸ್ತಕ ದಿನದಿನವೇ ಬರೆಯಬೇಕು. ವರ್ಷದ ಕೊನೆಯಲ್ಲಿ ಕೂತು ತುಂಬಿಸಿದ್ದು ಪರಿಶೋಧಕರ ಕಣ್ಣಿಗೆ ಬೀಳದೆ ಇರದು.

ಕೇಂದ್ರಕ್ಕೆ ಒಂದು ಉಸ್ತುವಾರಿ ಸಮಿತಿ ಇರಲಿ. ಅರ್ಧಕ್ಕಿಂತ ಹೆಚ್ಚು ಸದಸ್ಯರು ಪೋಷಕರು ಮತ್ತು ಅಲ್ಲಿಗೆ ಬರುವ ವಯಸ್ಕರೇ ಆಗಿರಲಿ. ಯಾರಿಗಾದರೂ ಪೆಟ್ಟು, ಬೈಗುಳ, ಕೂಡಿಹಾಕುವುದು ನಡೆದರೆ ಯಾರಿಗೆ ಹೇಳಬೇಕೆಂದು ಚಿತ್ರ ಸಮೇತ ಗೋಡೆಯ ಮೇಲೆ ಬರೆದಿರಲಿ. ಸಮಿತಿಯ ಒಬ್ಬ ಸದಸ್ಯೆ ತಿಂಗಳಿಗೊಮ್ಮೆ ತಿಳಿಸದೆ ಬಂದು ನೋಡಲಿ.

ಸರ್ಕಾರದ ಕಂತು ತಡವಾಗಿ ಬರುವುದು ಮಾಮೂಲು. ಮೂರು ತಿಂಗಳ ಸಂಬಳ ಮತ್ತು ವಾಹನದ ವೆಚ್ಚವನ್ನು ದಾನಿಗಳಿಂದ ಮೊದಲೇ ಕೂಡಿಸಿ ಬೇರೆ ಖಾತೆಯಲ್ಲಿಡಿ. ತಡವಾದ ಪ್ರತಿ ಕಂತಿನ ದಿನಾಂಕವನ್ನು ಬರೆದಿಟ್ಟು, ನವೆಂಬರ್‌ನಲ್ಲಿ ಮುಂದಿನ ಸಾಲಿನ ಪ್ರಸ್ತಾವ ಕೊಡುವಾಗ ಆ ಪಟ್ಟಿಯನ್ನೂ ಜೊತೆಗೆ ಲಗತ್ತಿಸಿ.